ಗಲಾಟೆ ಫ್ರೇಮಿನೊಳಗಿರಲಿ, ಹಾರ್ಡ್‌ಡಿಸ್ಕಿನೊಳಗೆ ಬೇಡ

1972ರ ಜನವರಿಯಲ್ಲಿ ಅಮೆರಿಕದ ಗಾಯಕಿ ಅರೀತಾ ಫ್ರ್ಯಾಂಕ್ಲಿನ್ ಲಾಸ್ ಏಂಜಲೀಸಿನ ಒಂದು ಚರ್ಚಿನಲ್ಲಿ ಎರಡು ರಾತ್ರಿ ಹಾಡಿದರು. ನಿರ್ದೇಶಕ ಸಿಡ್ನಿ ಪೊಲಾಕ್ ಹಲವು 16 ಎಂಎಂ ಕ್ಯಾಮೆರಾ ಇಟ್ಟು ಅದನ್ನು ಚಿತ್ರೀಕರಿಸಿದರು. ಕ್ಲ್ಯಾಪ್ ಬೋರ್ಡ್ ಮಾತ್ರ ಯಾರೂ ಹೊಡೆಯಲಿಲ್ಲ. ಅಷ್ಟಕ್ಕೇ ಆ ಚಿತ್ರ ಡಬ್ಬದಲ್ಲಿ ಕೂತಿತು, ಯಾವ ತುಣುಕಿಗೆ ಯಾವ ಸದ್ದು ಎಂದು ಹೊಂದಿಸಲು ಆಗಲಿಲ್ಲ. ದಶಕಗಳ ಮೇಲೆ ಡಿಜಿಟಲ್ ಸಲಕರಣೆ ಬಂದು ಸದ್ದೂ ಚಿತ್ರವೂ ಹೊಂದಿ ಸಿಂಕ್ ಆಯಿತು ಅನ್ನುವಾಗ ಗಾಯಕಿಯೇ ಕೋರ್ಟಿಗೆ ಹೋಗಿ ಪ್ರದರ್ಶನ ತಡೆದರು. ಕೊನೆಗೆ ಚಿತ್ರ ತೆರೆಗೆ ಬಂದದ್ದು 2018ರಲ್ಲಿ, ಅವರು ತೀರಿಕೊಂಡ ಮೇಲೆ. ಅದು ರಾಕ್ ಅಲ್ಲ, ಗಾಸ್ಪೆಲ್, ಅಂದರೆ ಚರ್ಚಿನ ಭಕ್ತಿಗೀತೆ. ಆದರೆ ರಾಕ್ ಬ್ಯಾಂಡಿನ ಡಾಕ್ಯುಮೆಂಟರಿ ಮಾಡಲು ಹೊರಟವರನ್ನು ಕಾಡುವ ಎರಡು ರೋಗಗಳೂ ಅಲ್ಲಿವೆ: ಗಡಿಯಾರ ಮತ್ತು ಕಾಗದ.

ಬ್ಯಾಂಡ್ ಡಾಕ್ಯುಮೆಂಟರಿ ಅಂದರೆ ಅಸ್ತವ್ಯಸ್ತ ಎಂದು ಎಲ್ಲರಿಗೂ ಗೊತ್ತು. ಡ್ರಮ್ಮರ್ ಎರಡು ಗಂಟೆ ತಡ, ಗಿಟಾರಿಸ್ಟಿಗೂ ಗಾಯಕನಿಗೂ ಮಾತಿಲ್ಲ, ಮ್ಯಾನೇಜರ್ ಫೋನ್ ಎತ್ತುವುದಿಲ್ಲ. ಇದೆಲ್ಲ ತೊಂದರೆಯೇ ಅಲ್ಲ, ಚಿತ್ರಕ್ಕೆ ಬೇಕಾದ ಸರಕು. ಚಿತ್ರವನ್ನು ಮುಳುಗಿಸುವುದು ಬೇರೆ ಗಲಾಟೆ. ಅದು ಕ್ಯಾಮೆರಾದ ಹಿಂದೆ ಸದ್ದಿಲ್ಲದೆ ಆಗುತ್ತದೆ, ಆರು ತಿಂಗಳ ಮೇಲೆ ಎಡಿಟ್ ಟೇಬಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ಮೊದಲು ಸೌಂಡ್. ಹೊಸಬರೆಲ್ಲ ಮಾಡುವ ತಪ್ಪು ಒಂದೇ: ಮಿಕ್ಸರ್ ಹತ್ತಿರ ಹೋಗಿ, "ಅಣ್ಣಾ, ಒಂದು ಸ್ಟೀರಿಯೊ ಔಟ್ ಕೊಡಿ" ಎಂದು ಕೇಳಿ, ಆ ಬೆರೆಸಿದ ಸದ್ದನ್ನೇ ರೆಕಾರ್ಡರಿಗೆ ಹಾಕಿಕೊಂಡು ನಿಶ್ಚಿಂತರಾಗುವುದು. ಮನೆಗೆ ಬಂದು ಕೇಳಿದರೆ ಗಾಯಕನ ದನಿ ಕಿವಿಗೆ ಬಡಿಯುತ್ತದೆ, ಗಿಟಾರ್ ಇಲ್ಲವೇ ಇಲ್ಲ, ಡ್ರಮ್ಸ್ ಎಲ್ಲೋ ಪಕ್ಕದ ಮನೆಯಲ್ಲಿ ನುಡಿಸಿದಂತಿರುತ್ತದೆ. ಸೌಂಡ್ ಎಂಜಿನಿಯರ್ ತಪ್ಪು ಮಾಡಿಲ್ಲ. ಚಿಕ್ಕ ಹಾಲಿನಲ್ಲಿ ಆಂಪ್ಲಿಫೈಯರ್ ಮತ್ತು ಡ್ರಮ್ಸ್ ಸದ್ದು ವೇದಿಕೆಯಿಂದಲೇ ಜನರಿಗೆ ತಲುಪುತ್ತದೆ. ಹಾಗೆ ತಲುಪದ್ದನ್ನಷ್ಟೇ ಅವರು ಸ್ಪೀಕರಿಗೆ ಬಿಡುತ್ತಾರೆ. ಅವರು ಮಿಕ್ಸ್ ಮಾಡುವುದು ಆ ಕೋಣೆಗೆ, ನಿಮ್ಮ ಚಿತ್ರಕ್ಕಲ್ಲ.

ಬೇಕಾದದ್ದು ಒಂದೊಂದು ಮೈಕೂ ಬೇರೆಬೇರೆ ಟ್ರ್ಯಾಕಾಗಿ. ಈಗಿನ ಡಿಜಿಟಲ್ ಮಿಕ್ಸರುಗಳಲ್ಲಿ ಇದು ಕಷ್ಟವಿಲ್ಲ. ಬೆಹ್ರಿಂಗರ್ ಎಕ್ಸ್32 ತರಹದವು ಒಂದೇ ಯುಎಸ್‌ಬಿ ಕೇಬಲ್ಲಿನಲ್ಲಿ 32 ಚಾನೆಲ್ ಕೊಡುತ್ತವೆ. 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ 32 ಚಾನೆಲ್ ಅಂದರೆ ಗಂಟೆಗೆ ಸುಮಾರು 16.6 ಗಿಗಾಬೈಟ್, ಸಾಧಾರಣ ಲ್ಯಾಪ್‌ಟಾಪ್ ತಾಳಿಕೊಳ್ಳುತ್ತದೆ. ಸಿಗ್ನಲ್ಲನ್ನು ಫೇಡರಿಗಿಂತ (ಸದ್ದು ಏರಿಳಿಸುವ ಜಾರುಗುಂಡಿ) ಮೊದಲೇ ತೆಗೆಯಿರಿ, ಇಲ್ಲದಿದ್ದರೆ ಎಂಜಿನಿಯರ್ ಫೇಡರ್ ಇಳಿಸಿದಾಗಲೆಲ್ಲ ನಿಮ್ಮ ಟ್ರ್ಯಾಕೂ ಇಳಿಯುತ್ತದೆ. ಸೌಂಡ್‌ಚೆಕ್ ಮುಗಿದ ಮೇಲೆ ಗೇನ್ (ಮೈಕಿನ ಸಿಗ್ನಲ್ಲನ್ನು ಒಳಬರುವಾಗಲೇ ಹಿಗ್ಗಿಸುವ ಮಟ್ಟ) ಮುಟ್ಟಬೇಡಿ ಎಂದು ವಿನಯದಿಂದ ಕೇಳಿಕೊಳ್ಳಿ. ಗೇನ್ ನಡುವೆ ಬದಲಾದರೆ ಹಾಡಿನ ಮಧ್ಯೆ ದನಿ ಜಿಗಿಯುತ್ತದೆ.

ಲ್ಯಾಪ್‌ಟಾಪ್ ನಂಬಬೇಡಿ. ಸ್ಕ್ರೀನ್ ಮಲಗುತ್ತದೆ, ಅಪ್‌ಡೇಟ್ ಶುರುವಾಗುತ್ತದೆ, ಯಾರದೋ ಕಾಲು ಕೇಬಲ್ಲಿಗೆ ತಾಗುತ್ತದೆ. ಆದ್ದರಿಂದ ಸ್ಟೀರಿಯೊ ಔಟನ್ನೂ ಪ್ರತ್ಯೇಕ ರೆಕಾರ್ಡರಿಗೆ ಹಾಕಿಕೊಳ್ಳಿ, ಅದು ವಿಮೆ. ಆಗ ಮೂರು ವಿಷಯ ನೋಡಿ. ಮಿಕ್ಸರಿನ ಔಟ್ ಲೈನ್ ಮಟ್ಟದ್ದು, ಅಂದರೆ ಮೈಕಿಗಿಂತ ತುಂಬ ಜೋರಿನದು; ರೆಕಾರ್ಡರಿನ ಇನ್‌ಪುಟ್ ಮೈಕ್ ಮಟ್ಟಕ್ಕೆ ಇದ್ದರೆ ಸದ್ದು ಒಡೆಯುತ್ತದೆ. ಮೈಕಿಗೆ ಕೇಬಲ್ಲಿನಲ್ಲೇ ಕರೆಂಟ್ ಕಳಿಸುವ ಫ್ಯಾಂಟಮ್ ಪವರ್ ಆಫ್ ಆಗಿರಬೇಕು. ಗುಂಯ್ ಎಂಬ ಕರೆಂಟಿನ ಸದ್ದು ಬಂದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಷನ್ ಬಾಕ್ಸ್ ಹಾಕಿ ಸಿಗ್ನಲ್ ಕೇಬಲ್ಲಿನ ಗ್ರೌಂಡ್ ಸಂಪರ್ಕ ಬಿಡಿಸುವ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಗುಂಯ್ ನಿಲ್ಲಿಸುವ ಜಾಣರಿದ್ದಾರೆ. ಗಿಟಾರ್ ತಂತಿಯೂ ಮೈಕಿನ ಕಬ್ಬಿಣದ ಜಾಲರಿಯೂ ಒಟ್ಟಿಗೆ ತಾಗಿದಾಗ ಜೀವ ಹೋಗುವುದು ಅಂಥ ಜಾಣತನದಿಂದಲೇ.

ಇಷ್ಟೆಲ್ಲ ಆದಮೇಲೂ ಮರೆತುಹೋಗುವುದು ಜನರ ಸದ್ದು. ಪ್ರತಿ ವಾದ್ಯದ ಟ್ರ್ಯಾಕ್ ಶುದ್ಧವಾಗಿದ್ದು ಜನರ ಮೈಕ್ ಇಲ್ಲದಿದ್ದರೆ ಸಾವಿರ ಜನರ ಕಾರ್ಯಕ್ರಮ ಖಾಲಿ ಕೋಣೆಯ ರಿಹರ್ಸಲ್‌ನಂತೆ ಕೇಳಿಸುತ್ತದೆ. ವೇದಿಕೆಯ ಎರಡು ಮೂಲೆಗಳಲ್ಲಿ ಜನರತ್ತ ಮುಖಮಾಡಿ ಎರಡು ಮೈಕ್ ನಿಲ್ಲಿಸಿ. ಮಿಕ್ಸರ್ ಹತ್ತಿರ ಇನ್ನೊಂದು ಜೋಡಿ ಇದ್ದರೆ ಒಳ್ಳೆಯದು. ಆ ಜೋಡಿಯ ಸದ್ದು ತಡವಾಗಿ ಬರುತ್ತದೆ, ಮಿಕ್ಸ್ ಮಾಡುವಾಗ ಹಿಂದಕ್ಕೆ ಎಳೆದುಕೊಳ್ಳಬೇಕು.

ಈ ತಡದ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಎಡಿಟರುಗಳು ರಾತ್ರಿಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಸೆಕೆಂಡಿಗೆ 25 ಫ್ರೇಮಿನಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್, ಅಷ್ಟರಲ್ಲಿ ಸದ್ದು ಕ್ರಮಿಸುವುದು ಸುಮಾರು 14 ಮೀಟರ್. ಉದ್ದ ಲೆನ್ಸ್ ಹಾಕಿದ ಕ್ಯಾಮೆರಾ ವೇದಿಕೆಯಿಂದ 34 ಮೀಟರ್ ಹಿಂದಿದೆ ಅನ್ನಿ. ಡ್ರಮ್ಮರ್ ಸ್ನೇರ್ ಡ್ರಮ್ ಹೊಡೆದದ್ದು ಆ ಕ್ಯಾಮೆರಾಗೆ ಕೂಡಲೇ ಕಾಣುತ್ತದೆ, ಅದರ ಮೈಕಿಗೆ ಕೇಳಿಸುವುದು ಎರಡೂವರೆ ಫ್ರೇಮ್ ಆದಮೇಲೆ. ಎಡಿಟ್ ಸಾಫ್ಟ್‌ವೇರಿಗೆ "ಸದ್ದಿನ ಅಲೆ ನೋಡಿ ನೀನೇ ಸಿಂಕ್ ಮಾಡು" ಎಂದರೆ ಅದು ಆ ತಡವಾದ ಸದ್ದನ್ನು ಮಿಕ್ಸರಿನ ಸದ್ದಿಗೆ ಅಚ್ಚುಕಟ್ಟಾಗಿ ಕೂರಿಸುತ್ತದೆ. ಚಿತ್ರ ಎರಡೂವರೆ ಫ್ರೇಮ್ ಮುಂದಾಗಿಬಿಡುತ್ತದೆ: ಕೋಲು ಚರ್ಮಕ್ಕೆ ತಾಗಿ ಮೇಲೆದ್ದ ಮೇಲೆ ಢಬ್ ಅನ್ನುತ್ತದೆ. ಸಾಫ್ಟ್‌ವೇರ್ ಹಸಿರು ಟಿಕ್ ತೋರಿಸಿರುತ್ತದೆ, ನೋಡುವವನಿಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸುತ್ತಿರುತ್ತದೆ. ಪರಿಹಾರ ಸರಳ. ಪ್ರತಿ ಕ್ಯಾಮೆರಾ ವೇದಿಕೆಯಿಂದ ಎಷ್ಟು ಮೀಟರ್ ಎಂದು ಅಂದೇ ಬರೆದಿಟ್ಟುಕೊಳ್ಳಿ, 14ರಿಂದ ಭಾಗಿಸಿ, ಬಂದಷ್ಟು ಫ್ರೇಮ್ ಆ ಕ್ಲಿಪ್ಪನ್ನು ಟೈಮ್‌ಲೈನಿನಲ್ಲಿ ಬಲಕ್ಕೆ ಸರಿಸಿ. ಕೊನೆಗೆ ಡ್ರಮ್ಮರ್ ಕೈ ನೋಡಿ ಖಾತ್ರಿ ಮಾಡಿಕೊಳ್ಳಿ. ಗಾಯಕನ ತುಟಿಯನ್ನು ಮೈಕ್ ಮುಚ್ಚಿರುತ್ತದೆ, ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

ಎಲ್ಲ ಯಂತ್ರಗಳಿಗೂ ಒಂದೇ ಸಮಯದ ಗುರುತು ಕೊಡುವ ಟೈಮ್‌ಕೋಡ್ ಬಾಕ್ಸ್ ಇದ್ದರೆ ಈ ತಾಪತ್ರಯ ಇಲ್ಲವಲ್ಲ ಎಂದರೆ, ಅರ್ಧ ನಿಜ. ಬೆಂಕಿಪೊಟ್ಟಣದಷ್ಟು ದೊಡ್ಡ ಬಾಕ್ಸುಗಳನ್ನು ಬೆಳಿಗ್ಗೆ ಒಮ್ಮೆ ಒಂದಕ್ಕೊಂದು ಹೊಂದಿಸಿ ಎಲ್ಲ ಕ್ಯಾಮೆರಾಗೂ ರೆಕಾರ್ಡರಿಗೂ ಸಿಕ್ಕಿಸಿದರೆ ಆರಂಭದ ಬಿಂದು ಸರಿಯಾಗಿ ಸಿಗುತ್ತದೆ. ಆದರೆ ಆಮೇಲೆ ಒಂದೊಂದು ಯಂತ್ರವೂ ತನ್ನದೇ ಗಡಿಯಾರದಲ್ಲಿ ಓಡುತ್ತದೆ. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 25ರಷ್ಟು ವ್ಯತ್ಯಾಸ ಇದ್ದರೂ ಒಂದೂವರೆ ಗಂಟೆಯ ಕಾರ್ಯಕ್ರಮದ ಕೊನೆಗೆ 135 ಮಿಲಿಸೆಕೆಂಡ್, ಅಂದರೆ ಮೂರು ಫ್ರೇಮಿಗಿಂತ ಹೆಚ್ಚು ಜಾರಿರುತ್ತದೆ. ಮೊದಲ ಹಾಡು ಸರಿ, ಕೊನೆಯ ಹಾಡು ತಪ್ಪು. ಹೀಗಾಗಿ ಉದ್ದ ಕ್ಲಿಪ್ಪನ್ನು ಹಾಡು ಹಾಡಿಗೆ ಕತ್ತರಿಸಿ ಪ್ರತಿ ಹಾಡಿಗೂ ಹೊಸದಾಗಿ ಸಿಂಕ್ ಮಾಡುವುದೇ ಸರಿ. ಇನ್ನೊಂದು ಪಾಪ ಫ್ರೇಮ್‌ರೇಟಿನದು. ಒಂದು ಕ್ಯಾಮೆರಾ 24, ಇನ್ನೊಂದು 23.976 ಇದ್ದು, ಎಡಿಟಿನಲ್ಲಿ ಒಂದನ್ನು ಇನ್ನೊಂದರ ವೇಗಕ್ಕೆ ಎಳೆದರೆ ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ. ಚಿತ್ರೀಕರಣಕ್ಕೆ ಮೊದಲು ಎಲ್ಲ ಕ್ಯಾಮೆರಾಗಳ ಮೆನುವನ್ನು ಒಬ್ಬನೇ ವ್ಯಕ್ತಿ ತನ್ನ ಕೈಯಾರೆ ನೋಡಬೇಕು. "ನಂದು ಸರಿಯಾಗಿದೆ" ಎಂಬ ಮಾತನ್ನು ಒಪ್ಪಬಾರದು.

ಕ್ಯಾಮೆರಾಗಳ ವಿಷಯಕ್ಕೆ ಬಂದರೆ, ಮೂರು ಸಾಕು. ಒಂದು ಅಗಲದ ಶಾಟ್, ಟ್ರೈಪಾಡಿನ ಮೇಲೆ, ಕೊನೆತನಕ ಯಾರೂ ಮುಟ್ಟಬಾರದು. ಎಡಿಟಿನಲ್ಲಿ ಎಲ್ಲ ಕೈಕೊಟ್ಟಾಗ ಕಾಪಾಡುವುದು ಅದೇ. ಒಂದು ಗಾಯಕನ ಮೇಲೆ. ಇನ್ನೊಂದು ಕೈಯಲ್ಲಿ, ವೇದಿಕೆಯ ಪಕ್ಕದಲ್ಲಿ. ಗಿಟಾರ್ ಸೋಲೊ ಬಂದಾಗ ಮೂವರೂ ಗಿಟಾರಿನತ್ತ ತಿರುಗುತ್ತಾರೆ, ಇದು ಮನುಷ್ಯ ಸ್ವಭಾವ. ಹಾಡುಗಳ ಪಟ್ಟಿಯ ಮೇಲೆ "ಮೂರನೇ ಹಾಡು, ಎರಡನೇ ಚರಣ ಆದಮೇಲೆ ಸೋಲೊ, ಎಡಗಡೆಯವನು" ಎಂದು ಬರೆದು ಪ್ರತಿಯೊಬ್ಬರ ಟ್ರೈಪಾಡಿಗೆ ಅಂಟಿಸಿ. ಬ್ಯಾಂಡ್ ಪಟ್ಟಿಯನ್ನು ವೇದಿಕೆಯ ಮೇಲೇ ಬದಲಿಸುತ್ತದೆ, ಅದಕ್ಕೂ ಸಿದ್ಧರಿರಿ. ಬ್ಯಾಟರಿ, ಕಾರ್ಡ್ ಬದಲಿಸುವುದನ್ನು ಸರದಿಯಲ್ಲಿ ಮಾಡಬೇಕು, ಒಮ್ಮೆಲೇ ಎಲ್ಲರೂ ನಿಲ್ಲಿಸಬಾರದು. 1976ರ ನವೆಂಬರ್ 25ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 'ದಿ ಬ್ಯಾಂಡ್' ತಂಡದ ವಿದಾಯ ಕಛೇರಿಯನ್ನು ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಚಿತ್ರೀಕರಿಸುವಾಗ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಹಾಡುವ ಹೊತ್ತಿಗೆ ಒಂದನ್ನು ಬಿಟ್ಟು ಕ್ಯಾಮೆರಾಗಳೆಲ್ಲ ನಿಂತಿದ್ದವು. ಕ್ಯಾಮೆರಾಮನ್ ಲಾಸ್ಲೋ ಕೊವಾಕ್ಸ್ ಹೆಡ್‌ಸೆಟ್ ತೆಗೆದಿಟ್ಟಿದ್ದರಿಂದ ನಿಲ್ಲಿಸುವ ಸೂಚನೆ ಅವರಿಗೆ ಕೇಳಿಸಲಿಲ್ಲ, ಅವರ ಒಂದು ಕ್ಯಾಮೆರಾ ಓಡುತ್ತಲೇ ಇತ್ತು. ಆ ಹಾಡು ಚಿತ್ರದಲ್ಲಿ ಉಳಿದದ್ದು ಹಾಗೆ.

ವೇದಿಕೆಯ ಬೆಳಕು ಇನ್ನೊಂದು ಶತ್ರು. ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದ ವೇಗದಲ್ಲಿ ಮಿನುಗುತ್ತವೆ, ಕ್ಯಾಮೆರಾದಲ್ಲಿ ಅಡ್ಡಪಟ್ಟೆಗಳಾಗಿ ಓಡುತ್ತವೆ. ಕರೆಂಟ್ 50 ಹರ್ಟ್ಜ್ ಇರುವ ಕಡೆ ಶಟರ್ 1/50, 60 ಇರುವ ಕಡೆ 1/60ರಿಂದ ಶುರುಮಾಡಿ, ಪಟ್ಟೆ ಹೋಗದಿದ್ದರೆ ಶಟರನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಬದಲಿಸುವ ಸೌಲಭ್ಯ ಬಳಸಿ. ಗಾಢ ನೀಲಿ ಬೆಳಕು ಬಿದ್ದಾಗ ಮೀಟರ್ "ಎಕ್ಸ್‌ಪೋಷರ್ ಸರಿಯಿದೆ" ಅನ್ನುತ್ತದೆ, ಆದರೆ ನೀಲಿ ಚಾನೆಲ್ ಒಂದೇ ತುಂಬಿ ತುಳುಕಿ ಗಾಯಕನ ಮುಖ ಮೂಗಿಲ್ಲದ ನೀಲಿ ಮುದ್ದೆಯಾಗಿರುತ್ತದೆ. ಕಲರ್ ಗ್ರೇಡಿಂಗಿನಲ್ಲಿ (ಆಮೇಲೆ ಬಣ್ಣ ತಿದ್ದುವ ಹಂತ) ಅದು ವಾಪಸ್ ಬರುವುದಿಲ್ಲ. ಲೈಟಿಂಗ್ ಆಪರೇಟರ್ ಜತೆ ಮೊದಲೇ ಮಾತಾಡಿ ಎದುರಿನಿಂದ ಒಂದಿಷ್ಟು ಬಿಳಿ ಬೆಳಕು ಕೇಳಿ. ವೈಟ್ ಬ್ಯಾಲೆನ್ಸ್ ಎಲ್ಲ ಕ್ಯಾಮೆರಾಗಳಲ್ಲೂ ಒಂದೇ ಅಂಕಿಗೆ ಬಿಗಿಯಾಗಿರಲಿ, ಆಟೋ ಬೇಡವೇ ಬೇಡ. ಲೇಸರ್ ಇದೆಯೇ ಎಂದು ತಪ್ಪದೆ ವಿಚಾರಿಸಿ. ಕಿರಣ ನೇರವಾಗಿ ಲೆನ್ಸಿಗೆ ಹೊಕ್ಕರೆ ಸೆನ್ಸರ್ ಸುಟ್ಟು ಗೆರೆ ಶಾಶ್ವತವಾಗಿ ಉಳಿಯುತ್ತದೆ.

ಕಿವಿಯ ಬಗ್ಗೆಯೂ ಒಂದು ಮಾತು. 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಇರಬಹುದು, ಆಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧವಾಗುತ್ತದೆ, 100ಕ್ಕೆ ಬರುವಾಗ ಹದಿನೈದೇ ನಿಮಿಷ. ರಿಹರ್ಸಲ್ ಕೋಣೆ ಸುಲಭವಾಗಿ ಅದನ್ನು ದಾಟುತ್ತದೆ. ಕ್ಯಾಮೆರಾದವರಿಗೆಲ್ಲ ಇಯರ್‌ಪ್ಲಗ್ ಕೊಡಿ.

ರಿಹರ್ಸಲ್ ಕೋಣೆಯೇ ಚಿತ್ರದ ನಿಜವಾದ ಗಣಿ. ಕಾರ್ಯಕ್ರಮದ ದೃಶ್ಯ ಯಾರಾದರೂ ತೆಗೆಯುತ್ತಾರೆ. ಆದರೆ ಹಾಡು ಮುಗಿದ ಹತ್ತು ಸೆಕೆಂಡಿನಲ್ಲಿ ಬಾಸಿಸ್ಟ್ ತಲೆ ಎತ್ತದೆ, "ಮತ್ತೆ ಅದೇ ಜಾಗದಲ್ಲಿ ಓಡಿಬಿಟ್ಟೆ ನೀನು" ಅನ್ನುತ್ತಾನಲ್ಲ, ಚಿತ್ರ ಇರುವುದು ಅಲ್ಲಿ. ಹೊಸ ಕ್ಯಾಮೆರಾಮನ್ ಹಾಡು ಮುಗಿಯಿತೆಂದು ಅಷ್ಟರಲ್ಲಿ ಕಟ್ ಮಾಡಿರುತ್ತಾನೆ. ನಿಯಮ ಇಷ್ಟೇ: ಹಾಡು ಮುಗಿದ ಮೇಲೆ ಕನಿಷ್ಠ ಎರಡು ನಿಮಿಷ ಓಡಿಸಿ. ಎಲ್ಲರಿಗೂ ಕಾಲರ್ ಮೈಕ್ ಹಾಕಿ. ಹಾಡುವಾಗ ಅದರಲ್ಲಿ ಬರುವುದು ಬರೀ ಗದ್ದಲ, ಬೇಕಾಗುವುದು ಹಾಡುಗಳ ನಡುವಿನ ಗೊಣಗಾಟಕ್ಕೆ. ತೀರ ಮೆಲ್ಲನೆಯದನ್ನೂ ತೀರ ಜೋರಿನದನ್ನೂ ಒಡೆಯದೆ ಹಿಡಿಯುವ 32-ಬಿಟ್ ಫ್ಲೋಟ್ ರೆಕಾರ್ಡರ್ ಇದ್ದರೆ ಮಟ್ಟದ ಚಿಂತೆ ಕಡಿಮೆ, ಆದರೆ ಅದು ಮಂತ್ರದಂಡವಲ್ಲ. ಮೈಕಿನಲ್ಲೋ ವೈರ್‌ಲೆಸ್ ಟ್ರಾನ್ಸ್‌ಮಿಟರಿನಲ್ಲೋ ಆಗಲೇ ಒಡೆದ ಸದ್ದು ರೆಕಾರ್ಡರಿಗೆ ಒಡೆದೇ ಬರುತ್ತದೆ. ಕಾರ್ಯಕ್ರಮದ ದಿನ ನಿಮ್ಮ ವೈರ್‌ಲೆಸ್ ಮೈಕಿನ ಫ್ರೀಕ್ವೆನ್ಸಿಯನ್ನು ವೇದಿಕೆಯ ಮೇಲಿನವರಿಗೆ ಕೇಳಿಸುವ ಸದ್ದು ನೋಡಿಕೊಳ್ಳುವ ಮಾನಿಟರ್ ಎಂಜಿನಿಯರಿಗೆ ಬರೆದುಕೊಡಿ. ಇಲ್ಲದಿದ್ದರೆ ಗಾಯಕನ ಕಿವಿಯೊಳಗಿನ ಮಾನಿಟರಿನಲ್ಲಿ ಕರಕರ ಎದ್ದು ನಿಮ್ಮನ್ನು ಹಾಲಿನಿಂದ ಆಚೆ ಹಾಕುತ್ತಾರೆ, ಹಾಕಬೇಕಾದ್ದೇ.

ಬ್ಯಾಂಡಿನವರೂ ಕಡಿಮೆಯವರಲ್ಲ. 1969ರ ಜನವರಿಯಲ್ಲಿ ನಿರ್ದೇಶಕ ಮೈಕಲ್ ಲಿಂಡ್ಸೆ-ಹಾಗ್ ಬೀಟಲ್ಸ್ ತಂಡವನ್ನು ಚಿತ್ರೀಕರಿಸುವಾಗ ಖಾಸಗಿ ಮಾತು ಕೇಳಿಸದಿರಲೆಂದು ತಂಡದವರು ಗಿಟಾರ್ ಮೀಟುತ್ತಾ ಮಾತಾಡುತ್ತಿದ್ದರು. ಅದರಡಿ ಹೂತಿದ್ದ ಮಾತುಗಳನ್ನು ಬಿಡಿಸಿ ತೆಗೆಯಲು ನಿರ್ದೇಶಕ ಪೀಟರ್ ಜಾಕ್ಸನ್ ತಂಡದ ಮಷಿನ್ ಲರ್ನಿಂಗ್ ಬೇಕಾಯಿತು. ಅದು ಜನರಿಗೆ ಕೇಳಿಸಿದ್ದು 2021ರಲ್ಲಿ. ಜಾರ್ಜ್ ಹ್ಯಾರಿಸನ್ ತಂಡ ಬಿಟ್ಟುಹೋದ ಮೇಲೆ ಲೆನನ್, ಮೆಕಾರ್ಟ್ನಿ ಆಡಿದ ಮಾತನ್ನು ಲಿಂಡ್ಸೆ-ಹಾಗ್ ಹೂಕುಂಡದೊಳಗೆ ಬಚ್ಚಿಟ್ಟ ಮೈಕಿನಲ್ಲಿ ಹಿಡಿದಿದ್ದರು. ಇವತ್ತು ಹಾಗೆ ಮಾಡಬೇಡಿ. ನೈತಿಕತೆ ಒಂದು ಕಡೆ ಇರಲಿ, ಒಮ್ಮೆ ಗೊತ್ತಾದರೆ ಆಮೇಲೆ ಯಾರೂ ನಿಮ್ಮ ಮುಂದೆ ಬಾಯಿ ಬಿಡುವುದಿಲ್ಲ.

ಸಂದರ್ಶನ ಒಬ್ಬೊಬ್ಬರನ್ನೇ ಮಾಡಿ. ನಾಲ್ವರನ್ನು ಒಂದೇ ಸೋಫಾದಲ್ಲಿ ಕೂರಿಸಿದರೆ ಗಾಯಕ ಮಾತಾಡುತ್ತಾನೆ, ಉಳಿದವರು ನಗುತ್ತಾರೆ. ಅವೇ ಪ್ರಶ್ನೆಗಳನ್ನು ಎಲ್ಲರಿಗೂ ಕೇಳಿ: ಆ ಹಾಡಿನ ಎರಡನೇ ಚರಣ ಯಾರು ಬರೆದದ್ದು, ವ್ಯಾನಿನ ಡೀಸೆಲ್ ದುಡ್ಡು ಯಾರು ಕೊಟ್ಟದ್ದು. "ಸಂಗೀತ ಅಂದ್ರೆ ನಿಮಗೇನು?" ಎಂಬ ಪ್ರಶ್ನೆಗೆ ಬರುವುದು ಭಾಷಣ, ಡೀಸೆಲ್ಲಿನ ಪ್ರಶ್ನೆಗೆ ಬರುವುದು ಸತ್ಯ, ಅದೂ ನಾಲ್ಕು ಬಗೆಯಲ್ಲಿ. ಡ್ರಮ್ಮರ್ ಮುಂದೆ ಮೇಜು ಇಡಬೇಡಿ, ಬೆರಳು ಬಡಿಯುವುದನ್ನು ಅವರು ನಿಲ್ಲಿಸುವುದಿಲ್ಲ. ಮುಗಿದ ಮೇಲೆ ಒಂದು ನಿಮಿಷ ಖಾಲಿ ಕೋಣೆಯ ಮೌನ ರೆಕಾರ್ಡ್ ಮಾಡಿಕೊಳ್ಳಿ, ಎಡಿಟಿನಲ್ಲಿ ಮಾತಿನ ನಡುವಿನ ಖಾಲಿ ತುಂಬಲು ಬೇಕಾಗುತ್ತದೆ.

ಡೇಟಾ. 100 ಮೆಗಾಬಿಟ್ ರೆಕಾರ್ಡಿಂಗ್ ಅಂದರೆ ಗಂಟೆಗೆ 45 ಗಿಗಾಬೈಟ್, 400 ಮೆಗಾಬಿಟ್ ಅಂದರೆ 180. ಮೆಟಾಲಿಕಾ ಬ್ಯಾಂಡಿನ ಬಗ್ಗೆ 2004ರಲ್ಲಿ ಬಂದ ಡಾಕ್ಯುಮೆಂಟರಿಗೆ ಸುಮಾರು 1600 ಗಂಟೆ ಚಿತ್ರೀಕರಣವಾಗಿತ್ತು. ಅಷ್ಟು ಬೇಡ, 200 ಗಂಟೆಯೇ ಆದರೂ ಮೂರು ಪ್ರತಿ ಬೇಕು, ಒಂದು ಬೇರೆ ಕಟ್ಟಡದಲ್ಲಿರಬೇಕು. ಕಾಪಿ ಮಾಡುವಾಗ ಫೋಲ್ಡರ್ ಎಳೆದು ಬಿಡುವುದಲ್ಲ, ಚೆಕ್‌ಸಮ್ (ಫೈಲಿನ ಡೇಟಾದಿಂದ ಲೆಕ್ಕಹಾಕಿದ ಗುರುತಂಕಿ) ಹೋಲಿಸುವ ಸಾಫ್ಟ್‌ವೇರ್ ಬಳಸಿ. ಕಾಪಿ ಆಗದ ಕಾರ್ಡಿಗೆ ಕೆಂಪು ಟೇಪ್, ಆದದ್ದಕ್ಕೆ ಹಸಿರು. ಒಂದೇ ಕಂಪನಿಯ ಎರಡು ಕ್ಯಾಮೆರಾ ಒಂದೇ ಹೆಸರಿನ ಫೈಲ್ ಹುಟ್ಟಿಸುತ್ತವೆ. ಎರಡನ್ನೂ ಒಂದೇ ಫೋಲ್ಡರಿಗೆ ಸುರಿದು, "ರಿಪ್ಲೇಸ್ ಮಾಡಲೇ?" ಎಂಬ ಪ್ರಶ್ನೆಗೆ ನಿದ್ದೆಗಣ್ಣಿನಲ್ಲಿ ಹೂಂ ಎಂದರೆ ಅರ್ಧ ಕಾರ್ಯಕ್ರಮ ಹೋಯಿತು. ಮೆನುವಿನಲ್ಲಿ ಪ್ರತಿ ಕ್ಯಾಮೆರಾಗೆ ಬೇರೆ ಅಕ್ಷರ ಕೊಡಿ.

ಹಳೆಯ ಟೇಪುಗಳು ಯಾರದೋ ಅಟ್ಟದ ಮೇಲೆ ಸಿಕ್ಕೇ ಸಿಗುತ್ತವೆ. ಮಿನಿ ಡಿವಿ (ಚಿಕ್ಕ ಡಿಜಿಟಲ್ ವಿಡಿಯೊ ಟೇಪ್) ಇದ್ದರೆ ಫೈರ್‌ವೈರ್ ಕೇಬಲ್ ಮೂಲಕ ಇದ್ದದ್ದು ಇದ್ದ ಹಾಗೇ ಇಳಿಸಿಕೊಳ್ಳಿ, ಗಂಟೆಗೆ 13 ಗಿಗಾಬೈಟ್ ಆಗುತ್ತದೆ. ಲಾಂಗ್ ಪ್ಲೇ ಮೋಡಿನಲ್ಲಿ ತೆಗೆದ ಟೇಪ್ ಬೇರೆ ಯಂತ್ರದಲ್ಲಿ ತುಂಡುತುಂಡಾಗಿ ಬರಬಹುದು, ಸಾಧ್ಯವಾದರೆ ತೆಗೆದ ಕ್ಯಾಮೆರಾದಲ್ಲೇ ಓಡಿಸಿ. ಬೂಸ್ಟು ಹಿಡಿದ ಟೇಪನ್ನು ಕುತೂಹಲಕ್ಕೂ ಪ್ಲೇಯರಿಗೆ ತುರುಕಬೇಡಿ: ಆ ಟೇಪೂ ಹೋಗುತ್ತದೆ, ಆಮೇಲೆ ಹಾಕುವ ಟೇಪಿಗೂ ಬೂಸ್ಟು ಹತ್ತುತ್ತದೆ. ಹಳೆಯ ಫೋಟೊಗಳ ಹಕ್ಕು ಸಾಮಾನ್ಯವಾಗಿ ತೆಗೆದವರದು, ಫೋಟೊದಲ್ಲಿರುವ ಬ್ಯಾಂಡಿನದಲ್ಲ.

ಹಕ್ಕಿನ ಮಾತು ಬಂತು, ಇನ್ನು ಕಾಗದ. ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತವೆ: ಹಾಡು ಬರೆದವರದು ಒಂದು, ಆ ರೆಕಾರ್ಡಿಂಗ್ ಮಾಡಿಸಿದವರದು ಇನ್ನೊಂದು. ಚಿತ್ರಕ್ಕೆ ಎರಡೂ ಬೇಕು. "ನಮ್ಮ ಹಾಡು ತಾನೇ, ಹಾಕ್ಕೊಳ್ಳಿ" ಎಂದು ಗಾಯಕ ಹೇಳಿದರೆ ಅದು ಪ್ರೀತಿ, ಅನುಮತಿಯಲ್ಲ. ಅವರು ಆ ಹಕ್ಕನ್ನು ಹತ್ತು ವರ್ಷದ ಹಿಂದೆಯೇ ಮಾರಿರಬಹುದು. ನೀವೇ ರೆಕಾರ್ಡ್ ಮಾಡಿದ ಲೈವ್ ಸದ್ದಿಗೂ ಲೇಬಲ್ (ರೆಕಾರ್ಡ್ ಕಂಪನಿ) ಜತೆಗಿನ ಅವರ ಒಪ್ಪಂದ ಅಡ್ಡ ಬರಬಹುದು. ಹಾಡಿಗೆ ನಾಲ್ವರು ಹಕ್ಕುದಾರರಿದ್ದರೆ ನಾಲ್ವರನ್ನೂ ಕೇಳಿ, ಜಗಳವಾಡಿ ಹೊರಹೋದ ಹಳೆಯ ಗಿಟಾರಿಸ್ಟ್ ಸೇರಿ. ರಿಹರ್ಸಲ್ ನಡುವೆ ತಮಾಷೆಗೆ ಬೇರೆಯವರ ಹಾಡಿನ ನಾಲ್ಕು ಸಾಲು ನುಡಿಸುತ್ತಾರಲ್ಲ, ಆ ದೃಶ್ಯವೇ ಚಿತ್ರದ ಜೀವಾಳವಾಗಿ, ಅದರ ಲೈಸೆನ್ಸ್ ದರ ಇಡೀ ಬಜೆಟ್ಟನ್ನು ನುಂಗುವುದು ಇದ್ದದ್ದೇ. ಎಡಿಟ್ ಲಾಕ್ ಮಾಡುವ, ಅಂದರೆ ಇನ್ನು ಬದಲಿಸುವುದಿಲ್ಲ ಎಂದು ಮುಗಿಸುವ ಮುಂಚೆ ದರ ವಿಚಾರಿಸಿ. ಮೊದಲ ದಿನದಿಂದಲೇ ಕ್ಯೂ ಶೀಟ್ ಇಡಿ: ಹಾಡು, ಬರೆದವರು, ಹಕ್ಕುದಾರರು, ಎಷ್ಟು ಸೆಕೆಂಡ್, ಮುಂದೆ ಕೇಳುತ್ತದೋ ಹಿನ್ನೆಲೆಯಲ್ಲೋ.

ಫೈನಲ್ ಕಟ್, ಅಂದರೆ ಚಿತ್ರದ ಕೊನೆಯ ರೂಪದ ನಿರ್ಧಾರ, ಯಾರ ಕೈಯಲ್ಲಿ ಎಂಬುದು ಕ್ಯಾಮೆರಾ ಆನ್ ಆಗುವ ಮೊದಲೇ ಕಾಗದದ ಮೇಲಿರಬೇಕು. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರು 1972ರ ಪ್ರವಾಸದ ಮೇಲೆ ಛಾಯಾಗ್ರಾಹಕ ರಾಬರ್ಟ್ ಫ್ರ್ಯಾಂಕ್‌ರಿಂದ ಚಿತ್ರ ಮಾಡಿಸಿ, ಆಮೇಲೆ ಬೇಡವೆಂದು ಕೋರ್ಟಿಗೆ ಹೋದರು. ಫ್ರ್ಯಾಂಕ್ ಖುದ್ದು ಹಾಜರಿದ್ದರೆ ಮಾತ್ರ ತೋರಿಸಬಹುದು ಎಂಬ ವಿಚಿತ್ರ ಷರತ್ತಿಗೆ ಬಂದು ನಿಂತಿತು. ನಮ್ಮ ಅಭಿಪ್ರಾಯದಲ್ಲಿ ನ್ಯಾಯವಾದ ಒಪ್ಪಂದ ಇದು: ಬ್ಯಾಂಡಿಗೆ ಲಾಕ್ ಆಗುವ ಮೊದಲು ಒಮ್ಮೆ ನೋಡುವ ಹಕ್ಕು, ವಾಸ್ತವದ ತಪ್ಪು ತಿದ್ದಿಸುವ ಹಕ್ಕು, ಮಕ್ಕಳು, ಕಾಯಿಲೆ, ಮನೆ ವಿಳಾಸದಂಥ ಹೆಸರಿಸಿದ ಎರಡು ಮೂರು ವಿಷಯಗಳಲ್ಲಿ ತಡೆಯುವ ಹಕ್ಕು. ಉಳಿದದ್ದು ನಿರ್ದೇಶಕರದು. ಸದಸ್ಯರು ತಂಡ ಬಿಟ್ಟರೂ ಕೊಟ್ಟ ಒಪ್ಪಿಗೆ ನಿಲ್ಲುತ್ತದೆ ಎಂಬ ಸಾಲು ಇರಲಿ. ನಡುವೆ ಬ್ಯಾಂಡೇ ಒಡೆದುಹೋದರೆ ಆ ಒಂದು ಸಾಲಿನ ಮೇಲೆ ಚಿತ್ರ ನಿಂತಿರುತ್ತದೆ.

ಬ್ಯಾಂಡಿಗೆ ತೋರಿಸುವ ದಿನ ಮಾತ್ರ ಕಚ್ಚಾ ಸೌಂಡಿನಲ್ಲಿ ತೋರಿಸಬೇಡಿ, ತಾತ್ಕಾಲಿಕವಾಗಿಯಾದರೂ ಮಿಕ್ಸ್ ಮಾಡಿಸಿ. ತಮ್ಮ ಜಗಳ, ಅಳು, ಸಾಲ ಎಲ್ಲ ಒಂದೂವರೆ ಗಂಟೆ ಪರದೆಯ ಮೇಲೆ ಹಾದುಹೋಗುತ್ತದೆ, ಒಬ್ಬರೂ ಅಲುಗಾಡುವುದಿಲ್ಲ. ದೀಪ ಹಾಕಿದ ಕೂಡಲೇ ಮೊದಲ ಪ್ರಶ್ನೆ ಬರುತ್ತದೆ: "ಮೂರನೇ ಹಾಡಲ್ಲಿ ಬಾಸ್ ಯಾಕೆ ಇಷ್ಟು ಕಮ್ಮಿ ಇದೆ?"